ಟಾಮಾಕ್ಸಿಫೆನ್ ಮಾತ್ರೆ ತಡೆಯೋಕಾಗ್ತಿಲ್ಲ, ಬಿಟ್ಟುಬಿಡಲಾ?

ಸ್ತನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ, ರೇಡಿಯೇಶನ್ ಎಲ್ಲ ಮುಗಿದಿದೆ, ಈಗ ಟಾಮಾಕ್ಸಿಫೆನ್ ಶುರುವಾದಾಗಿನಿಂದ ಮೈಯೆಲ್ಲ ಕಾಯುತ್ತದೆ, ನಿದ್ದೆಯಿಲ್ಲ, ಮನೆಯವರು "ಗುಣ ಆಯ್ತಲ್ಲ, ಇನ್ನೇನು" ಅನ್ನುತ್ತಾರೆ ಎಂದು ಬರೆದಿದ್ದೀರಿ. ನಾನೂ ಇದೇ ಮಾತ್ರೆ ನುಂಗಿದವಳು. ದಯವಿಟ್ಟು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಹಾಗಂತ ಹಲ್ಲುಕಚ್ಚಿ ಸುಮ್ನಿರಲೂ ಬೇಡಿ.

ಈಸ್ಟ್ರೋಜನ್ ಹಾರ್ಮೋನಿನಿಂದ ಬೆಳೆಯುವ ಬಗೆಯ ಗೆಡ್ಡೆಗೆ ಈ ಮಾತ್ರೆ ಕೊಡುತ್ತಾರೆ. ಎಲ್ಲೋ ಉಳಿದಿರಬಹುದಾದ ಕ್ಯಾನ್ಸರ್ ಕೋಶಕ್ಕೆ ಆ ಹಾರ್ಮೋನ್ ಸೇರದಂತೆ ಅದು ತಡೆಯುತ್ತದೆ. ಸುಮಾರು 5 ವರ್ಷ ತೆಗೆದುಕೊಂಡವರಲ್ಲಿ, ಮೊದಲ 15 ವರ್ಷಗಳಲ್ಲಿ ಈ ಕಾಯಿಲೆಯಿಂದ ಆಗುವ ಸಾವು ಮೂರನೇ ಒಂದರಷ್ಟು ಕಡಿಮೆ. ಮಾತ್ರೆ ಮುಗಿದ ಮೇಲೂ ವರ್ಷಗಟ್ಟಲೆ ಅದರ ಲಾಭ ಉಳಿಯುತ್ತದೆ. ಸಣ್ಣ ಮಾತಲ್ಲ, ಅಲ್ವಾ?

ಆದರೆ ನಿಮ್ಮ ಕಷ್ಟವೂ ಸಣ್ಣದಲ್ಲ. ನನಗೆ ಬಿಸಿ ಎದೆಯಿಂದ ಶುರುವಾಗಿ ಮುಖಕ್ಕೆ ಏರುತ್ತಿತ್ತು. ನಡುರಾತ್ರಿ ಬೆವರಿ ಒದ್ದೆಯಾಗಿ, ಬಟ್ಟೆ ಬದಲಿಸಿ ಮಲಗಿದರೆ ಚಳಿ. ಕೂದಲು ಉದುರಿದಾಗ ಎಲ್ಲರೂ ವಿಚಾರಿಸಿಕೊಂಡರು. ಕೂದಲು ಬಂದ ಮೇಲೆ ಯಾರೂ ಕೇಳಲಿಲ್ಲ. ನನ್ನನ್ನು ಜಾಸ್ತಿ ನೋಯಿಸಿದ್ದು ಅದೇ. ಹೊರಗೆ ಕಾಣದ ಕಷ್ಟವನ್ನು ನಾವೇ ಬಾಯಿಬಿಟ್ಟು ಹೇಳಬೇಕು. ಡಾಕ್ಟರ ಮುಂದಂತೂ "ಪರವಾಗಿಲ್ಲ" ಅನ್ನಲೇಬೇಡಿ. ರಾತ್ರಿ ಎಷ್ಟು ಸಲ ಎಚ್ಚರ ಆಗುತ್ತೆ ಅಂತ ಒಂದು ವಾರ ಬರೆದಿಟ್ಟು ತೋರಿಸಿ. ಗಂಡನ ಜೊತೆ ಸೇರುವಾಗ ನೋವಿದ್ದರೆ ಅದನ್ನೂ ಹೇಳಿ. ಅದರಲ್ಲಿ ನಾಚಿಕೆ ಏನಿಲ್ಲ, ಹಾರ್ಮೋನ್ ಇಲ್ಲದ ಕ್ರೀಮ್‌ಗಳಿವೆ.

ಮೈ ಬಿಸಿ ತಗ್ಗಿಸಲು ವೆನ್ಲಾಫ್ಯಾಕ್ಸಿನ್‌ನಂಥ ಔಷಧಿಗಳಿವೆ. ಆದರೆ ಖಿನ್ನತೆಗೆ ಕೊಡುವ ಪ್ಯಾರಾಕ್ಸೆಟಿನ್, ಫ್ಲೂಆಕ್ಸೆಟಿನ್ ಮಾತ್ರೆಗಳು ಟಾಮಾಕ್ಸಿಫೆನ್ ಕೆಲಸಕ್ಕೆ ಅಡ್ಡ ಬರಬಹುದು. ಹಾಗಾಗಿ ನೀವು ತೆಗೆದುಕೊಳ್ಳುವ ಬೇರೆ ಎಲ್ಲ ಮಾತ್ರೆಗಳ ಹೆಸರನ್ನೂ ತಿಳಿಸಿ. ಮುಟ್ಟು ಪೂರ್ತಿ ನಿಂತಿದ್ದರೆ ಲೆಟ್ರೊಜೋಲ್ ಎಂಬ ಬೇರೆ ಹಾರ್ಮೋನ್ ಚಿಕಿತ್ಸೆಯ ಮಾತ್ರೆಗೆ ಬದಲಿಸುವುದೂ ಉಂಟು. ಅದರಿಂದ ಕೀಲುನೋವು, ಮೂಳೆ ಸವೆತ ಬರಬಹುದು, ಅದನ್ನೂ ಕೇಳಿ ತಿಳಿದುಕೊಳ್ಳಿ.

ಕೆಲವಕ್ಕೆ ಮಾತ್ರ ಮುಂದಿನ ಭೇಟಿವರೆಗೆ ಕಾಯಬೇಡಿ. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ಡಾಕ್ಟರಿಗೆ ಬೇಗ ತೋರಿಸಿ. ಒಂದೇ ಕಾಲು ಊದಿ ನೋಯುತ್ತಿದ್ದರೆ ಅಥವಾ ಇದ್ದಕ್ಕಿದ್ದಂತೆ ಉಸಿರಾಟ ಕಷ್ಟವಾದರೆ, ಎಷ್ಟು ಹೊತ್ತಾಗಿದ್ದರೂ ಆಸ್ಪತ್ರೆಗೆ ಹೊರಡಿ. ರಕ್ತ ಹೆಪ್ಪುಗಟ್ಟಿರಬಹುದು.