ಸ್ಟಿಕ್ಕರ್ ಬಿಡಿ, ಮಾಡೆಲ್ ನಂಬರ್ ಓದಿ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಲ್ಯಾಪ್‌ಟಾಪ್‌ದೇ ಜಾಸ್ತಿ. ಮೈಕ್ರೋಸಾಫ್ಟ್‌ನೋರು 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಗೆ ಸಪೋರ್ಟ್ ನಿಲ್ಲಿಸಿದ್ದೇ ನಿಲ್ಲಿಸಿದ್ದು, ಚೆನ್ನಾಗೇ ಓಡ್ತಿದ್ದ ಲ್ಯಾಪ್‌ಟಾಪ್‌ನೂ ಜನ ಅನುಮಾನದಿಂದ ನೋಡೋಕೆ ಶುರು ಮಾಡಿದಾರೆ. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ.

ಪ್ರಶ್ನೆ: ಸರ್, ನಾನು ರಾಜಾಜಿನಗರದಲ್ಲಿ ಮನೇಲೇ ಟ್ಯೂಷನ್ ಹೇಳ್ಕೊಡ್ತೀನಿ. 2015ರಲ್ಲಿ ತಗೊಂಡ ಇಂಟೆಲ್ ಐ3 ಪ್ರೊಸೆಸರಿನ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್. ಆನ್ ಮಾಡಿ ಕಾಫಿ ಮಾಡ್ಕೊಂಡು ಬಂದ್ರೂ ಇನ್ನೂ ಸುತ್ತುತಾನೇ ಇರುತ್ತೆ. ಸಂಜೆ ಗೂಗಲ್ ಮೀಟ್‌ನಲ್ಲಿ ಕ್ಲಾಸ್ ತಗೊಂಡ್ರೆ ಮಕ್ಕಳು "ಮಿಸ್, ನಿಮ್ ವಾಯ್ಸ್ ಕಟ್ ಆಗ್ತಿದೆ" ಅಂತಾರೆ. ಪ್ರಶ್ನೆಪತ್ರಿಕೆ ಎಲ್ಲ ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲೇ ಟೈಪ್ ಮಾಡೋದು. 40 ಸಾವಿರದೊಳಗೆ ಏನು ತಗೊಳ್ಲಿ? ನಮ್ಮ ಮೈದುನ ಐ7 ಬಿಟ್ಟು ಬೇರೆ ಮುಟ್ಟಲೇಬೇಡಿ ಅಂತಾನೆ.

ಉತ್ತರ: ಮೇಡಂ, ದುಡ್ಡು ತೆಗೆಯೋಕೆ ಮುಂಚೆ ಒಂದು ಕೆಲ್ಸ ಮಾಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದ್ರೆ ಟಾಸ್ಕ್ ಮ್ಯಾನೇಜರ್ ಬರುತ್ತೆ, ಅಲ್ಲಿ ಡಿಸ್ಕ್ ಅನ್ನೋ ಕಡೆ ಸುಮ್ನೆ ಕೂತಿರುವಾಗಲೂ 100% ಅಂತ ತೋರಿಸ್ತಾ ಇದ್ರೆ ನಿಮ್ಮ ತೊಂದರೆ ಪ್ರೊಸೆಸರ್‌ದಲ್ಲ, ಒಳಗೆ ತಿರುಗೋ ಹಳೇ ಹಾರ್ಡ್ ಡಿಸ್ಕ್‌ದು. ಅದನ್ನ ತೆಗೆದು ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ, ಅಂದ್ರೆ ತಿರುಗೋ ಭಾಗ ಇಲ್ಲದ ವೇಗದ ಡಿಸ್ಕ್, ಹಾಕ್ಸಿದ್ರೆ ನೀವು ಕಾಫಿಗೆ ಎದ್ದು ಹೋಗೋ ಅಷ್ಟು ಟೈಮೇ ಅದು ಕೊಡಲ್ಲ. ಇನ್ನೊಂದು 4 ಜಿಬಿ ರ‍್ಯಾಮೂ ಸೇರಿಸಬಹುದು, ಆದ್ರೆ ಆ ಕಾಲದ ಐ3ಗೆ ಬೇಕಾಗಿರೋದು ಸಾಮಾನ್ಯವಾಗಿ ಡಿಡಿಆರ್3ಎಲ್ ಅನ್ನೋ ಹಳೇ ಥರದ್ದು, ಈಗಿನ ರ‍್ಯಾಮ್ ಕೂರಲ್ಲ, ಕೇಳಿ ತಗೊಳ್ಳಿ.

ಆದ್ರೆ ನಿಮಗೆ ನಾನು ಇದನ್ನೇ ಮಾಡಿ ಅನ್ನಲ್ಲ, ಯಾಕಂದ್ರೆ ವಿಂಡೋಸ್ 11ಗೆ ಇಂಟೆಲ್ ಆದ್ರೆ 8ನೇ ಜೆನರೇಶನ್ (ಪೀಳಿಗೆ) ಪ್ರೊಸೆಸರೋ ಅದಕ್ಕಿಂತ ಮೇಲಿಂದೋ ಬೇಕು, ಜೊತೆಗೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ಪೂ ಬೇಕು, 2015ರ ಮಶೀನು ಅಲ್ಲಿಗೆ ತಲುಪಲ್ಲ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ನೋಂದಾಯಿಸಿಕೊಂಡ್ರೆ ವಿಂಡೋಸ್ 10ಗೆ 2026ರ ಅಕ್ಟೋಬರ್ 13ರವರೆಗೂ ಸೆಕ್ಯುರಿಟಿ ಅಪ್ಡೇಟ್ ಸಿಗುತ್ತೆ, ಅಷ್ಟೆ, ಆಮೇಲೆ ಅದೇ ಮಶೀನಲ್ಲಿ ಬ್ಯಾಂಕ್ ವ್ಯವಹಾರ ಮಾಡೋಕೆ ಧೈರ್ಯ ಬೇಕು. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಹಾಕ್ಕೊಂಡ್ರೆ ಇನ್ನೂ ಕೆಲವು ವರ್ಷ ಓಡುತ್ತೆ, ಆದ್ರೆ ನಿಮ್ಮ ನುಡಿ ತಂತ್ರಾಂಶ ವಿಂಡೋಸ್‌ಗೆ ಮಾಡಿದ್ದು, ಪರೀಕ್ಷೆ ಹತ್ರ ಇರೋವಾಗ ಆ ತಲೆನೋವು ನಿಮಗೆ ಬೇಡ. ಹೊಸದೇ ತಗೊಳ್ಳಿ.

ಈಗ ನಿಮ್ಮ ಮೈದುನನ ವಿಷಯ. ಬರೀ "ಐ7" ಅಂದ್ರೆ "ಬಿಎಂಟಿಸಿ ಬಸ್ಸು" ಅಂದಂಗೆ, ನಂಬರ್ ನೋಡದೆ ಹತ್ತಿದ್ರೆ ಯಾವ ಡಿಪೋದಲ್ಲಿ ಇಳಿಸ್ತಾರೋ ಗೊತ್ತಾಗಲ್ಲ. ಐ3, ಐ5 ಆದ್ಮೇಲೆ ಬರೋ ನಾಲ್ಕು ಅಂಕಿ ನೋಡಿ: 1215ಯು ಅಂದ್ರೆ ಮೊದಲೆರಡು ಅಂಕಿಯ ಲೆಕ್ಕದಲ್ಲಿ 12ನೇ ಜೆನರೇಶನ್, ಆರು ಕೋರ್ (ಒಟ್ಟೊಟ್ಟಿಗೆ ಕೆಲಸ ಮಾಡೋ ಭಾಗ). ಇದು ಹೆಸರಿಗೆ ಐ3 ಆದ್ರೂ ಎಂಟೊಂಬತ್ತು ವರ್ಷದ ಹಿಂದಿನ ಎರಡು ಕೋರಿನ ಲ್ಯಾಪ್‌ಟಾಪ್ ಐ7ನ ಆರಾಮಾಗಿ ಹಿಂದೆ ಹಾಕುತ್ತೆ. ಇನ್ನೂ ಗಮ್ಮತ್ತು ಇಂಟೆಲ್ ಥರಾನೇ ಪ್ರೊಸೆಸರ್ ಮಾಡೋ ಎಎಂಡಿಯೋರದ್ದು. ರೈಜನ್ 5 7520ಯು ಮತ್ತೆ ರೈಜನ್ 5 7530ಯು, ಅಂಗಡಿಯಲ್ಲಿ ಅಕ್ಕಪಕ್ಕ ಇಟ್ಟಿರ್ತಾರೆ, ಎರಡಕ್ಕೂ ಸ್ಟಿಕ್ಕರ್ ಒಂದೇ ಥರ, ಬೆಲೆಯಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇರುತ್ತೆ ಅಷ್ಟೆ. ಮೊದಲ ಅಂಕಿ 7 ಬರೀ ಬಿಡುಗಡೆ ವರ್ಷದ ಲೆಕ್ಕ, ಒಳಗಿನ ಡಿಸೈನ್ ಯಾವ ಕಾಲದ್ದು ಅಂತ ಹೇಳೋದು ಮೂರನೇ ಅಂಕಿ. 7520ರಲ್ಲಿ ಅದು 2, ಅಂದ್ರೆ ಝೆನ್ 2 ಅನ್ನೋ ಹಳೇ ಡಿಸೈನ್, ನಾಲ್ಕೇ ಕೋರ್, ರ‍್ಯಾಮನ್ನೂ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ. 7530ರಲ್ಲಿ 3, ಝೆನ್ 3, ಆರು ಕೋರ್. ಸೇಲ್ಸ್ ಹುಡುಗನ್ನ ಕೇಳಿದ್ರೆ "ಎರಡೂ ಸೇಮ್ ಸರ್, ಇದ್ರಲ್ಲಿ ಆಫರ್ ಇದೆ" ಅಂತಾನೆ. ಯಾಕೆ ಆಫರ್ ಇದೆ ಅಂತ ಈಗ ನಿಮಗೆ ಗೊತ್ತಾಯ್ತಲ್ಲ.

ಪ್ರೊಸೆಸರ್‌ಗಿಂತ ಜಾಸ್ತಿ ನಾನು ಜಗಳ ಆಡೋದು ರ‍್ಯಾಮ್ ವಿಷಯಕ್ಕೆ. 8 ಜಿಬಿ ಇದ್ದು, ಅದೂ ಬೋರ್ಡಿಗೆ ಅಂಟಿದ್ದು, ಖಾಲಿ ಸ್ಲಾಟೂ ಇಲ್ಲ ಅಂದ್ರೆ ಆ ಲ್ಯಾಪ್‌ಟಾಪ್ ಎಷ್ಟೇ ಚೆಂದ ಇದ್ರೂ ಬಿಟ್ಬಿಡಿ. 16 ಜಿಬಿ ಸಿಕ್ರೆ ಮೊದಲೇ ತಗೊಳ್ಳಿ, ಇಲ್ಲಾಂದ್ರೆ 8 ಜಿಬಿ ಜೊತೆ ಒಂದು ಖಾಲಿ ಸ್ಲಾಟ್ ಇರಲೇಬೇಕು. ಎಐ ಸರ್ವರ್‌ಗಳಿಗೆ ಮೆಮೊರಿ ಚಿಪ್ ಹೋಗ್ತಾ ಇರೋದ್ರಿಂದ 2025ರ ಕೊನೆಯಿಂದ ರ‍್ಯಾಮ್ ಬೆಲೆ ಮೇಲೇರಿದೆ, ಆಮೇಲೆ ಹಾಕಿಸ್ಕೊಳ್ಳೋಣ ಅನ್ನೋ ಲೆಕ್ಕ ಮುಂಚಿನಷ್ಟು ಅಗ್ಗ ಆಗಲ್ಲ. ಎಸ್‌ಎಸ್‌ಡಿ 512 ಜಿಬಿ ಸಾಕು, ಪ್ರಶ್ನೆಪತ್ರಿಕೆ ಎಷ್ಟು ಜಾಗ ತಿನ್ನುತ್ತೆ.

ಸ್ಕ್ರೀನು ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಬಿಳೀ ಪೇಜ್ ತೆರೆದು ಮುಚ್ಚಳವನ್ನ ನಿಧಾನಕ್ಕೆ ಹಿಂದೆ ಬಗ್ಗಿಸಿ. ಬಗ್ಗಿಸ್ತಾ ಬಣ್ಣ ಮಾಸಿ ಬೂದಿ ಥರ ಆದ್ರೆ ಅದು ಟಿಎನ್ ಪ್ಯಾನೆಲ್, ಬೇಡ, ಐಪಿಎಸ್ ಕೇಳಿ. ಹಾಗೇ ಮುಚ್ಚಳದ ಒಂದೇ ಮೂಲೆ ಹಿಡಿದು ತೆಗೆದು ನೋಡಿ, ಕೆಳಗಿನ ಬಾಡಿ ಕಿರುಗುಟ್ಟಿದ್ರೆ ಅಥವಾ ಹಿಂಜ್ ಹತ್ರ ಪ್ಲಾಸ್ಟಿಕ್ ಬಾಯಿ ಬಿಟ್ರೆ ಎರಡು ವರ್ಷದಲ್ಲಿ ಹಿಂಜ್ ರಿಪೇರಿಗೆ ನೀವು ರೆಡಿಯಾಗಿರಬೇಕು. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಸ್ಕ್ರೂ ಕೂರೋ ಹಿತ್ತಾಳೆ ಬಿಲ್ಲೆಯನ್ನ ಪ್ಲಾಸ್ಟಿಕ್ಕಿನಲ್ಲೇ ಕೂರಿಸಿರ್ತಾರೆ, ಅದು ಕಿತ್ಕೊಂಡು ಬರುತ್ತೆ.

ನುಡಿ ಬಗ್ಗೆ ಒಂದು ಮಾತು, ಇದಕ್ಕೆ ಸುಮಾರು ಜನ ಹೆದರ್ತಾರೆ. ಹೊಸ ಲ್ಯಾಪ್‌ಟಾಪಲ್ಲಿ ಹಳೇ ಫೈಲ್ ತೆರೆದಾಗ ಕನ್ನಡ ಇರೋ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚುಕ್ಕಿ, ಕೊಂಬು ಎಲ್ಲ ಕಲಸುಮೇಲೋಗರ ಆಗಿ ಕಂಡ್ರೆ ಫೈಲ್ ಹಾಳಾಗಿಲ್ಲ. ನುಡಿ 01 ಇ ಥರದ ಹಳೇ ಫಾಂಟು ಹೊಸದ್ರಲ್ಲಿ ಇಲ್ಲ ಅಷ್ಟೆ, ಹಾಕಿದ ತಕ್ಷಣ ಸರಿಯಾಗುತ್ತೆ. ಹೊಸ ಪತ್ರಿಕೆಗಳನ್ನ ಮಾತ್ರ ಇನ್ನು ಮುಂದೆ ಯೂನಿಕೋಡಲ್ಲೇ ಟೈಪ್ ಮಾಡಿ, ಮಕ್ಕಳಿಗೆ ವಾಟ್ಸಾಪಲ್ಲಿ ಕಳಿಸಿದ್ರೂ ಹಾಗೇ ಓದೋಕೆ ಬರುತ್ತೆ. ಬೆರಳಿಗೆ ಕೂತಿರೋ ಕೀಲಿಮಣೆ ಬದಲಿಸ್ಬೇಕಾಗಿಲ್ಲ.

ಪ್ರಶ್ನೆ: ಕಂಪನಿ ಬಿಟ್ಟ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಲ್ಲಿ ಅರ್ಧಕ್ಕರ್ಧ ರೇಟಿಗೆ ಸಿಗುತ್ತಂತೆ, ನಂಬಬಹುದಾ ಗುರು? (ಬನಶಂಕರಿಯ ಓದುಗರು)

ಉತ್ತರ: ನಂಬಬಹುದು, ಕಣ್ಣು ಬಿಟ್ಕೊಂಡು ನಂಬಬೇಕು. ನಮ್ಮ ಊರಲ್ಲಿ ಇರೋ ಐಟಿ ಕಂಪನಿಗಳು ಕೆಲವು ವರ್ಷಕ್ಕೊಮ್ಮೆ ರಾಶಿ ರಾಶಿ ಲ್ಯಾಪ್‌ಟಾಪ್ ಬದಲಾಯಿಸ್ತವೆ, ಆ ಮಾಲೇ ಹೊರಗೆ ಬರೋದು. ನನ್ನ ಕೇಳಿದ್ರೆ ಹೊಸದಾದ ಕಳಪೆ ಲ್ಯಾಪ್‌ಟಾಪ್‌ಗಿಂತ ಹಳೇ ಲೆನೊವೊ ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 7490, ಎಚ್‌ಪಿ ಎಲೈಟ್‌ಬುಕ್ 840 ಜಿ5 ಇವೇ ವಾಸಿ, ಬಾಡಿ ಗಟ್ಟಿ, ಕೀಬೋರ್ಡ್ ಸೊಗಸು, ರ‍್ಯಾಮ್ ಬದಲಿಸೋಕೂ ಬರುತ್ತೆ. ಟಿ480ಯಲ್ಲಂತೂ ರ‍್ಯಾಮ್‌ಗೆ ಎರಡು ಸ್ಲಾಟು, ಹೊರಗಿನ ಬ್ಯಾಟರಿ ಕೈಯಲ್ಲೇ ಬಿಚ್ಚಬಹುದು. ಆದ್ರೆ ಇಲ್ಲೂ ನಂಬರ್ ಓದ್ಲೇಬೇಕು, ಈ ಥರ ಮಾಡೆಲ್‌ಗಳಲ್ಲಿ ಕೆಲವು 7ನೇ ಜೆನರೇಶನ್ ಚಿಪ್ಪಲ್ಲೂ ಬಂದಿವೆ. ಐ5 8250ಯು ಅಥವಾ 8350ಯು (8ನೇ ಜೆನರೇಶನ್) ಇದ್ರೆ ವಿಂಡೋಸ್ 11 ಸಲೀಸು, 7ರಿಂದ ಶುರುವಾಗೋ ನಂಬರ್ ಇದ್ರೆ ವಾಪಸ್ ಇಟ್ಬಿಡಿ.

ಹೋಗೋದಾದ್ರೆ ಮೆಟ್ರೋ ಹಸಿರು ಲೈನಲ್ಲಿ ಚಿಕ್ಕಪೇಟೆಯಲ್ಲೋ ಕೆ.ಆರ್. ಮಾರ್ಕೆಟಲ್ಲೋ ಇಳಿದು ನಡ್ಕೊಂಡು ಹೋಗಿ, ಆ ರೋಡಲ್ಲಿ ಗಾಡಿ ನಿಲ್ಲಿಸ್ತೀನಿ ಅನ್ನೋದು ಕನಸು. ಭಾನುವಾರ ಬೇಡ, ಬಾಗಿಲು ಹಾಕಿರೋವೇ ಜಾಸ್ತಿ. ಅಂಗಡಿಯಲ್ಲಿ ಆನ್ ಮಾಡ್ಸಿ, ಕಮಾಂಡ್ ಪ್ರಾಂಪ್ಟ್ ಅನ್ನೋ ಕಪ್ಪು ಕಿಟಕಿಯಲ್ಲಿ ಪವರ್‌ಸಿಎಫ್‌ಜಿ (powercfg) ಅಂತ ಹೊಡೆದು, ಒಂದು ಸ್ಪೇಸ್ ಬಿಟ್ಟು, ಸ್ಲ್ಯಾಶ್ ಹಾಕಿ ಬ್ಯಾಟರಿರಿಪೋರ್ಟ್ (/batteryreport) ಅಂತ ಎಂಟರ್ ಕೊಡಿ, ಒಂದು ಫೈಲ್ ಬರುತ್ತೆ. ಅದ್ರಲ್ಲಿ ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಅಂತ ಎರಡು ಸಾಲು ಇರುತ್ತೆ. ಎರಡನೇದು ಮೊದಲನೇದ್ರ ಅರ್ಧಕ್ಕೆ ಇಳಿದಿದ್ರೆ ಬ್ಯಾಟರಿ ಮುಗೀತು, ಅದರ ದುಡ್ಡು ರೇಟಲ್ಲಿ ಇಳಿಸ್ಕೊಳ್ಳಿ ಇಲ್ಲ ಬೇರೆ ಪೀಸ್ ಕೇಳಿ.

ಇದಕ್ಕಿಂತ ಮುಖ್ಯ ಇನ್ನೊಂದು ಇದೆ. ಅಂಗಡಿಯೋರ ಎದುರಿಗೇ ವಿಂಡೋಸ್ ರಿಸೆಟ್ ಮಾಡ್ಸಿ ನಿಮ್ಮ ಮೊಬೈಲ್ ಹಾಟ್‌ಸ್ಪಾಟಿಗೆ ಕನೆಕ್ಟ್ ಮಾಡಿ. ಆಗ ಯಾವುದೋ ಕಂಪನಿ ಹೆಸರು ತೋರಿಸಿ ಆಫೀಸ್ ಇಮೇಲ್ ಕೇಳಿದ್ರೆ, ಆ ಕಂಪನಿಯೋರು ಇನ್ನೂ ಅದನ್ನ ತಮ್ಮ ಲಿಸ್ಟಿಂದ ತೆಗೆದಿಲ್ಲ ಅಂತ ಅರ್ಥ. "ಅದೇನೂ ಇಲ್ಲ ಬಾಸ್, ನೆಟ್ ಇಲ್ದೆ ಸೆಟಪ್ ಮಾಡ್ಕೊಡ್ತೀವಿ" ಅಂತಾರೆ, ಒಪ್ಪಬೇಡಿ, ಮುಂದಿನ ಸಲ ರಿಸೆಟ್ ಮಾಡಿದಾಗ ಮತ್ತೆ ಅದೇ ಬಾಗಿಲು ಮುಚ್ಚುತ್ತೆ. ಬಯಾಸ್‌ಗೆ, ಅಂದ್ರೆ ವಿಂಡೋಸ್‌ಗೂ ಮುಂಚೆ ಬರೋ ಸೆಟ್ಟಿಂಗ್‌ಗೆ, ಪಾಸ್‌ವರ್ಡ್ ಇದೆಯಾ ಅಂತಾನೂ ಆನ್ ಮಾಡೋವಾಗ್ಲೇ ಒಳಗೆ ಹೋಗಿ ನೋಡಿ. ಜಿಎಸ್‌ಟಿ ಬಿಲ್, ಅದರ ಮೇಲೆ ಸೀರಿಯಲ್ ನಂಬರ್, ವಾರಂಟಿ ಎಷ್ಟು ತಿಂಗಳು ಅಂತ ಬರಹದಲ್ಲಿ. ಬಾಯಿ ಮಾತಿನ ವಾರಂಟಿ ಆ ರೋಡಿನ ತುದಿ ದಾಟಲ್ಲ. ಮತ್ತೆ ರಿಪೇರಿಗೆ ಅಂತ ಓಡಾಡೋಕೆ ಆಗದೇ ಇರೋರಿಗೆ, ಮನೇಲಿ ವಯಸ್ಸಾದೋರಿಗೆ ಇದು ಬೇಡ, ಅವ್ರಿಗೆ ಮನೆಗೇ ಬಂದು ಸರ್ವಿಸ್ ಮಾಡೋ ವಾರಂಟಿ ಇರೋ ಹೊಸದೇ ಸರಿ.

ಪ್ರಶ್ನೆ: ಮಗ ಈ ವರ್ಷ ಬಿಇ ಕಂಪ್ಯೂಟರ್ ಸೈನ್ಸ್ ಸೇರಿದ್ದಾನೆ. ಗೇಮಿಂಗ್ ಲ್ಯಾಪ್‌ಟಾಪೇ ಬೇಕು, ಎಐ ಕಲಿಯೋಕೆ ಅದು ಇಲ್ದೆ ಆಗಲ್ಲ ಅಂತ ಹಠ. 85 ಸಾವಿರ ಆಗುತ್ತೆ. ನಿಜಾನಾ? (ಕೆಂಗೇರಿಯ ತಂದೆ)

ಉತ್ತರ: ಮಗನ ಆಸೆ ಪೂರ್ತಿ ಓದಿನದ್ದಲ್ಲ ಸರ್. ಮೊದಲೆರಡು ವರ್ಷ ಸಿ, ಪೈಥಾನ್, ಜಾವಾ, ಡೇಟಾಬೇಸ್, ಇದಕ್ಕೆ 16 ಜಿಬಿ ರ‍್ಯಾಮಿನ ಸಾಧಾರಣ ಲ್ಯಾಪ್‌ಟಾಪ್ ಧಾರಾಳ. ಎಐ ಮಾಡೆಲ್ ಕಲಿಯೋಕೆ ಗ್ರಾಫಿಕ್ಸ್ ಚಿಪ್ ಬೇಕಾದಾಗ ಬ್ರೌಸರಲ್ಲೇ ತೆರೆಯೋ ಗೂಗಲ್ ಕೊಲ್ಯಾಬಲ್ಲಿ ಮಿತಿಯೊಳಗೆ ಪುಕ್ಕಟೆ ಸಿಗುತ್ತೆ. ಗೇಮಿಂಗ್ ಲ್ಯಾಪ್‌ಟಾಪ್ ಎರಡು ಕೆಜಿ ದಾಟುತ್ತೆ, ಅದರ ಚಾರ್ಜರ್ ಇಟ್ಟಿಗೆ ಬೇರೆ, ಬ್ಯಾಟರಿ ಮಧ್ಯಾಹ್ನದ ಲ್ಯಾಬ್‌ವರೆಗೂ ಬರಲ್ಲ, ಅದನ್ನ ಹೊತ್ಕೊಂಡು ದಿನಾ ಬಸ್ಸಲ್ಲಿ ನಿಲ್ಲಬೇಕು. ಅಂಗಡಿಯಲ್ಲಿ ಕೋಪೈಲಟ್ ಪ್ಲಸ್ ಅನ್ನೋ ಎಐ ಸ್ಟಿಕ್ಕರ್ ತೋರಿಸಿ ರೇಟ್ ಏರಿಸಿದ್ರೂ ಬಗ್ಗಬೇಡಿ, ಚಾಟ್‌ಜಿಪಿಟಿ ಥರದ್ದು ಓಡೋದು ಅವ್ರ ಸರ್ವರಲ್ಲಿ, ನಿಮ್ಮ ಮಗನ ತೊಡೆ ಮೇಲಲ್ಲ. ಹುಡುಗ ಸಿವಿಲ್ಲೋ ಮೆಕ್ಯಾನಿಕಲ್ಲೋ ಸೇರಿ ಮೂರು ಆಯಾಮದ ಡ್ರಾಯಿಂಗ್ ಮಾಡೋನಾಗಿದ್ರೆ ಬೇರೆ ಮಾತು ಹೇಳ್ತಿದ್ದೆ. ಮಿಕ್ಕ ದುಡ್ಡಲ್ಲಿ ಒಂದು 24 ಇಂಚಿನ ಮಾನಿಟರ್ ಕೊಡಿಸಿ, ನಾಲ್ಕು ವರ್ಷ ಕತ್ತು ನೆಟ್ಟಗಿರುತ್ತೆ.

ಪ್ರಶ್ನೆ: ಆನ್‌ಲೈನಲ್ಲಿ 15 ಸಾವಿರಕ್ಕೇ ಹೊಸ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ (ಎಸ್‌ಎಸ್‌ಡಿ ಬದಲು ಹಾಕೋ ಅಗ್ಗದ ಸ್ಟೋರೇಜ್). ತಗೊಳ್ಲಾ?

ಉತ್ತರ: ಬೇಡ. ವಿಂಡೋಸ್ ಒಂದು ದೊಡ್ಡ ಅಪ್ಡೇಟ್ ಕೇಳಿದ ದಿನ ಅದ್ರಲ್ಲಿ ಕಾಲಿಡೋಕೂ ಜಾಗ ಇರಲ್ಲ.

ಪ್ರಶ್ನೆ: ನಮ್ಮ ಹಳೇ ಲ್ಯಾಪ್‌ಟಾಪಲ್ಲಿ ಟಚ್‌ಪ್ಯಾಡ್ ಮೇಲಕ್ಕೆ ಎದ್ದಿದೆ, ಕ್ಲಿಕ್ ಆಗ್ತಿಲ್ಲ. ಹೊಸದು ತಗೊಳ್ಳೋವರೆಗೂ ಮೌಸ್ ಹಾಕಿ ಓಡಿಸ್ತಿದೀವಿ. ಎಕ್ಸ್‌ಚೇಂಜಿಗೆ ಕೊಡಬಹುದಾ? (ಮಲ್ಲೇಶ್ವರದ ಓದುಗರು)

ಉತ್ತರ: ಅಮ್ಮಾ, ಇದನ್ನ ಓದಿದ ಕೂಡಲೇ ಚಾರ್ಜರ್ ಕೀಳಿ, ಆಫ್ ಮಾಡಿ. ಟಚ್‌ಪ್ಯಾಡ್ ಕೆಟ್ಟಿರೋದಲ್ಲ, ಅದರ ಕೆಳಗಿನ ಬ್ಯಾಟರಿ ಊದ್ಕೊಂಡು ಮೇಲಕ್ಕೆ ತಳ್ತಾ ಇರೋ ಹಾಗಿದೆ, ಬೆಂಕಿ ಹೊತ್ಕೊಳ್ಳೋ ಸಾಧ್ಯತೆ ಇರುತ್ತೆ. ಒತ್ತಿ ಕೂರಿಸೋಕೆ ಹೋಗ್ಬೇಡಿ, ಚುಚ್ಚಲೇಬೇಡಿ, ಹಾಸಿಗೆ ಮೇಲಂತೂ ಇಡ್ಬೇಡಿ. ಹತ್ತಿರದ ರಿಪೇರಿ ಅಂಗಡಿಯಲ್ಲಿ ಬ್ಯಾಟರಿ ತೆಗೆಸಿ, ಎಷ್ಟೋ ಮಾಡೆಲ್‌ಗಳು ಬ್ಯಾಟರಿ ಇಲ್ದೆ ಬರೀ ಚಾರ್ಜರಿಂದಲೂ ಓಡ್ತವೆ, ನಿಮ್ಮದೂ ಓಡಿದ್ರೆ ಹಾಗೆ ಆನ್ ಮಾಡಿ ಫೋಟೋ, ಫೈಲ್ ಎಲ್ಲ ಪೆನ್‌ಡ್ರೈವಿಗೆ ತಗೊಳ್ಳಿ. ಅದು ಆದ್ಮೇಲೆ ರಿಸೆಟ್‌ನಲ್ಲಿ ಎಲ್ಲ ಅಳಿಸಿ, ಡ್ರೈವೂ ಕ್ಲೀನ್ ಮಾಡು ಅನ್ನೋ ಆಯ್ಕೆ ಕೊಟ್ಟೇ ಎಕ್ಸ್‌ಚೇಂಜಿಗೆ ಕೊಡಿ, ಅವ್ರು ಕೊಡೋ ದುಡ್ಡು ಚಿಲ್ಲರೆ, ಒಳಗಿರೋ ನಿಮ್ಮ ಬ್ಯಾಂಕ್ ಪಾಸ್‌ವರ್ಡು ಚಿಲ್ಲರೆಯಲ್ಲ. ಅಥವಾ ಹಾರ್ಡ್ ಡಿಸ್ಕ್ ತೆಗೆಸಿ ಒಂದು ಯುಎಸ್‌ಬಿ ಕೇಸಿಗೆ ಹಾಕಿಸ್ಕೊಂಡ್ರೆ ಬ್ಯಾಕಪ್ಪಿಗೆ ಆಗುತ್ತೆ. ಊದಿದ ಬ್ಯಾಟರಿನ ಮಾತ್ರ ಬೆಳಗ್ಗೆ ಬರೋ ಕಸದ ಆಟೋಗೆ ಒಣಕಸದ ಜೊತೆ ಹಾಕಿ ಕಳಿಸ್ಬೇಡಿ, ಲಾರಿಯಲ್ಲಿ ಅಮುಕಿದಾಗ ಅಲ್ಲೇ ಹೊತ್ಕೊಳ್ಳುತ್ತೆ, ಇ-ತ್ಯಾಜ್ಯ ತಗೊಳ್ಳೋರ ಕೈಗೆ, ಊದಿದೆ ಅಂತ ಬಾಯಿಬಿಟ್ಟು ಹೇಳಿ ಕೊಡಿ.