ಕಫದಲ್ಲಿ ಸೂಡೊಮೊನಾಸ್ ಹೋಗುತ್ತಲೇ ಇಲ್ಲ, ಅಮ್ಮನನ್ನು ಹೇಗೆ ನೋಡಿಕೊಳ್ಳುವುದು?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಅಮ್ಮನಿಗೆ 58 ವರ್ಷ, ಹಿಂದೆ ಟಿಬಿ ಬಂದು ವಾಸಿಯಾಗಿತ್ತು, ಈಗ ಬ್ರಾಂಕಿಯೆಕ್ಟೇಸಿಸ್, ಅಂದರೆ ಉಸಿರುನಾಳಗಳು ಅಗಲವಾಗಿ ಕಫ ನಿಲ್ಲುವ ಕಾಯಿಲೆ, ಅಂದಿದ್ದಾರೆ. ಒಂದೇ ವರ್ಷದಲ್ಲಿ ಮೂರು ಸಲ ಕಫ ಕಲ್ಚರಿಗೆ, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ, ಕೊಟ್ಟಾಗಲೂ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಬಂತು, ಮೂರು ಕೋರ್ಸ್ ಆಂಟಿಬಯಾಟಿಕ್ ಮುಗಿಯಿತು, ಇದು ಹೋಗುವುದು ಯಾವಾಗ ಅಂತ ಕೇಳಿದ್ದೀರಿ. ಕೊನೆಯ ಸಾಲಿನಲ್ಲಿ, ಮನೆಯಲ್ಲಿ ಸಣ್ಣ ಮಗು ಇರುವುದರಿಂದ ಅಮ್ಮನಿಗೆ ತಟ್ಟೆ ಲೋಟ ಬೇರೆ ಮಾಡಿ ಜಗಲಿಯಲ್ಲೇ ಊಟ ಕೊಡುತ್ತಿದ್ದೇವೆ, ಸರಿಯಾ ಅಂತಲೂ ಬರೆದಿದ್ದೀರಿ. ನನ್ನನ್ನು ಬರೆಯಲು ಕೂರಿಸಿದ್ದು ಆ ಸಾಲು. ಮೊದಲು ಕಾಯಿಲೆಯ ವಿಷಯ ಹೇಳಿ ಅಲ್ಲಿಗೆ ಬರುತ್ತೇನೆ.

ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲ ಕಡೆ ಅಡಕೆ ತೋಟದ ಮನೆ. ನನಗೆ 19ರಲ್ಲಿ ಟಿಬಿ ಆಯಿತು. ಮದ್ದು ಪೂರ್ತಿ ತೆಗೆದುಕೊಂಡೆ, ವಾಸಿಯಾಯಿತು. ಕೆಮ್ಮು ಮಾತ್ರ ಉಳಿಯಿತು. "ಅವಳದ್ದು ಕಫದ ಮೈ" ಅಂತ ಮನೆಯವರೆಲ್ಲ ಹೇಳುತ್ತಿದ್ದರು, ನಾನೂ ಹಾಗೇ ನಂಬಿ ಒಳ್ಳೆಮೆಣಸಿನ ಕಷಾಯ ಕುಡಿದುಕೊಂಡು 17 ವರ್ಷ ಕಳೆದೆ. 36ರಲ್ಲಿ ಕಫದಲ್ಲಿ ರಕ್ತ ಬಂದಾಗ ಸಿಟಿ ಸ್ಕ್ಯಾನ್ ಮಾಡಿದರು. ಬಲಗಡೆ ಕೆಳಭಾಗದ ಉಸಿರುನಾಳಗಳು ಅಗಲವಾಗಿ, ಸಡಿಲವಾಗಿ, ಕಫ ನಿಲ್ಲುವ ಹೊಂಡಗಳ ಹಾಗೆ ಆಗಿದ್ದವು. ನಮ್ಮ ದೇಶದಲ್ಲಿ ಈ ಕಾಯಿಲೆಗೆ ಹಳೆಯ ಟಿಬಿಯೇ ದೊಡ್ಡ ಕಾರಣ. ಈಗ ನನಗೆ 47. ಸೂಡೊಮೊನಾಸ್ ನನ್ನ ಒಳಗೆ ಸೇರಿ ಎಂಟು ವರ್ಷವಾಯಿತು. ನಾನು ಡಾಕ್ಟರಲ್ಲ. ಇಲ್ಲಿ ಬರೆದದ್ದರಲ್ಲಿ ಮದ್ದಿನ ಮಾತು ಬಂದಲ್ಲೆಲ್ಲ ನಿಮ್ಮ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ.

ಸೂಡೊಮೊನಾಸ್ ಏರುಜಿನೋಸಾ ಎಂಬ ಹೆಸರಿನ ಎರಡನೇ ಪದಕ್ಕೆ ಲ್ಯಾಟಿನ್‌ನಲ್ಲಿ ತಾಮ್ರದ ಕಿಲುಬು ಅಂತ ಅರ್ಥ. ಬಚ್ಚಲಿನ ಹಂಡೆಗೆ ಹತ್ತುತ್ತದಲ್ಲ, ಅದೇ ಹಸಿರು. ಇದು ನೀರು, ಮಣ್ಣು, ಒದ್ದೆ ಜಾಗ ಎಲ್ಲ ಕಡೆ ಇರುವ ಜೀವಿ. ಆರೋಗ್ಯವಂತರ ಶ್ವಾಸಕೋಶ ಅದನ್ನು ದಿನಾ ಹೊರಗೆ ಹಾಕುತ್ತದೆ. ನಮ್ಮಂಥವರಲ್ಲಿ ಕಫ ನಿಂತೇ ಇರುವುದರಿಂದ ಅದಕ್ಕೆ ನೆಲೆ ಸಿಗುತ್ತದೆ. ನೆಲೆ ಸಿಕ್ಕಿದ ಮೇಲೆ ಸುತ್ತ ಲೋಳೆಯ ಪದರ ಕಟ್ಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಅಂಗಳದ ಕಲ್ಲಿಗೆ ಪಾಚಿ ಹಿಡಿದಾಗ ಎಷ್ಟು ಕೊಡ ನೀರು ಸುರಿದರೂ ಹೋಗುವುದಿಲ್ಲ, ಹಿಡಿಸೂಡಿ ಹಿಡಿದು ತಿಕ್ಕಬೇಕು. ಇದೂ ಹಾಗೆ. ಆಂಟಿಬಯಾಟಿಕ್ ಸುರಿದ ನೀರು. ತಿಕ್ಕುವ ಕೆಲಸ ಬೇರೆ ಇದೆ, ಅದನ್ನು ನಿಮ್ಮ ಅಮ್ಮನಿಗೆ ಯಾರಾದರೂ ಕಲಿಸಿದ್ದಾರಾ ಅಂತ ನಿಮ್ಮ ಪ್ರಶ್ನೆಯಲ್ಲಿ ಎಲ್ಲೂ ಇಲ್ಲ.

ಮೊದಲ ಸಲ ಸಿಕ್ಕಾಗ ಪೂರ್ತಿ ಕಿತ್ತುಹಾಕಲು ಡಾಕ್ಟರುಗಳು ಗಟ್ಟಿ ಪ್ರಯತ್ನ ಮಾಡುತ್ತಾರೆ, ಆಗ ಎಷ್ಟೋ ಸಲ ಹೋಗಿಯೂ ಬಿಡುತ್ತದೆ. ಒಂದು ವರ್ಷದೊಳಗೆ ಮೂರು ತಿಂಗಳ ಅಂತರದಲ್ಲಿ ಎರಡು ಸಲ ಬಂದರೆ ಅದು ಬೀಡುಬಿಟ್ಟಿದೆ ಅಂತಲೇ ಲೆಕ್ಕ. ಆಮೇಲೆ ಗುರಿ ಬದಲಾಗುತ್ತದೆ. ರಿಪೋರ್ಟಿನಲ್ಲಿ ಆ ಹೆಸರು ಇದ್ದರೂ ಅಮ್ಮ ಉಣ್ಣಬೇಕು, ಮಲಗಬೇಕು, ಅಂಗಳ ದಾಟಿ ನಡೆಯಬೇಕು, ಆಸ್ಪತ್ರೆ ಸೇರುವುದು ಕಡಿಮೆಯಾಗಬೇಕು. ಇದು ಸೋತವರ ಮಾತಲ್ಲ. ರಿಪೋರ್ಟಿನಿಂದ ಹೆಸರು ಹೋಗಲಿ ಅಂತ ಕಾಯುತ್ತ ನಾನು ಎರಡು ವರ್ಷ ಹಾಳುಮಾಡಿಕೊಂಡೆ. ಆ ಎರಡು ವರ್ಷದಲ್ಲೇ ನಾಲ್ಕು ಸಲ ಆಸ್ಪತ್ರೆ ಸೇರಿದ್ದು.

ಆಮೇಲೆ ಮಂಗಳೂರಿನಲ್ಲಿ ಒಬ್ಬರು ಫಿಸಿಯೋಥೆರಪಿಸ್ಟ್ ಕಲಿಸಿದ್ದನ್ನು ಇವತ್ತಿನವರೆಗೆ ಬಿಟ್ಟಿಲ್ಲ. ಬೆಳಗ್ಗೆ ಐದೂವರೆಗೆ, ಚಾ ಕುಡಿಯುವ ಮೊದಲು, ಉಸಿರುನಾಳ ತೆರೆಯುವ ಸಾಲ್ಬ್ಯುಟಮಾಲ್ ಪಂಪ್ ಎರಡು ಸಲ. ಹತ್ತು ನಿಮಿಷ ಬಿಟ್ಟು ನೆಬ್ಯುಲೈಸರಿನಲ್ಲಿ, ಅಂದರೆ ಮದ್ದನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ಯಂತ್ರದಲ್ಲಿ, 3 ಶೇಕಡಾ ಉಪ್ಪುನೀರು. ಇದು ಮೆಡಿಕಲ್‌ನಲ್ಲಿ ಸಿಗುವ ಶುದ್ಧ ದ್ರಾವಣ, ಮನೆಯಲ್ಲಿ ಉಪ್ಪು ಕಲಸಿ ಮಾಡುವುದಲ್ಲ. ಕೆಲವರಿಗೆ ಇದರಿಂದ ಉಸಿರು ಬಿಗಿಯುತ್ತದೆ, ಹಾಗಾಗಿ ಮೊದಲ ಸಲ ಆಸ್ಪತ್ರೆಯಲ್ಲೇ ಕೊಟ್ಟು ನೋಡಬೇಕು. ನಂತರ ಎಡಮಗ್ಗುಲಾಗಿ ಮಲಗುತ್ತೇನೆ, ಹಾಳಾಗಿರುವ ಬಲಭಾಗ ಮೇಲೆ ಬರುವ ಹಾಗೆ. ಸ್ವಲ್ಪ ಹೊತ್ತು ಸುಮ್ಮನೆ ಮೆಲ್ಲಗೆ ಉಸಿರಾಟ. ಮತ್ತೆ ಪಕ್ಕೆಲುಬಿನ ಮೇಲೆ ಕೈ ಇಟ್ಟು, ಕೈ ಮೇಲೇಳುವ ಹಾಗೆ ಮೂರು ನಾಲ್ಕು ದೀರ್ಘ ಉಸಿರು, ಪ್ರತಿಯೊಂದನ್ನೂ ಒಂದೆರಡು ಸೆಕೆಂಡು ಹಿಡಿದು ಬಿಡುವುದು. ಮತ್ತೆ ಸುಮ್ಮನೆ ಉಸಿರಾಟ. ಆಮೇಲೆ ಹಫ್. ಕನ್ನಡಿ ಒರೆಸುವ ಮೊದಲು ಬಾಯಿ ತೆರೆದು "ಹಾ" ಅಂತ ಆವಿ ಹಾಕುತ್ತೇವಲ್ಲ, ಅದೇ, ಸ್ವಲ್ಪ ಜೋರಾಗಿ. ಕೆಮ್ಮಬಾರದು. ಜೋರಾಗಿ ಕೆಮ್ಮಿದರೆ ಸಡಿಲವಾದ ನಾಳ ಮುಚ್ಚಿಕೊಂಡು ಕಫ ಅಲ್ಲೇ ಸಿಕ್ಕಿಬೀಳುತ್ತದೆ. ಹಫ್ ಮಾಡುತ್ತಿದ್ದ ಹಾಗೆ ಎದೆಯ ಆಳದಲ್ಲಿದ್ದ ಗರಗರ ಸದ್ದು ಮೆಲ್ಲಗೆ ಗಂಟಲ ಬುಡಕ್ಕೆ ಬರುತ್ತದೆ, ಆಗ ಒಂದೇ ಒಂದು ಸಣ್ಣ ಕೆಮ್ಮು ಸಾಕು. ಇದನ್ನು ನಾಲ್ಕೈದು ಸುತ್ತು ಮಾಡುತ್ತೇನೆ. ಒಟ್ಟು ಮುಕ್ಕಾಲು ಗಂಟೆ. ಸಂಜೆ ಮತ್ತೊಮ್ಮೆ, ಅರ್ಧ ಗಂಟೆ. ಇದನ್ನು ಶುರು ಮಾಡಿದ ಮೇಲೆ ನನಗೆ ವರ್ಷಕ್ಕೆ ಒಂದು ಸಲ ಉಲ್ಬಣವಾದರೆ ಹೆಚ್ಚು.

ಮುಚ್ಚಳವಿರುವ ಗಾಜಿನ ಸಣ್ಣ ಬಾಟಲಿಗೆ ಉಗುಳುವುದು ಅಭ್ಯಾಸ ಮಾಡಿಸಿ. ಅಸಹ್ಯ ಪಡಬೇಡಿ. ನನ್ನ ಮಾಮೂಲಿ ಬಣ್ಣ ತೆಳು ಹಳದಿ. ಅದು ಗಾಢವಾಗಿ ಹಸಿರಿಗೆ ತಿರುಗಿ, ಪ್ರಮಾಣ ಹೆಚ್ಚಾಗಿ, ಜಾಸ್ತಿ ಅಂಟಾಗಿ, ಸೋಪಾನ ಹತ್ತುವಾಗ ದಮ್ಮು ಕಟ್ಟಿದರೆ ಡಾಕ್ಟರಿಗೆ ಫೋನು. ಮೊದಲ ಮಾತ್ರೆ ನುಂಗುವ ಮುಂಚೆಯೇ ಕಫ ಕಲ್ಚರಿಗೆ ಹೋಗಬೇಕು, ಮಾತ್ರೆ ತಿಂದ ಮೇಲೆ ಕೊಟ್ಟರೆ ರಿಪೋರ್ಟು ದಾರಿ ತಪ್ಪಿಸುತ್ತದೆ. ಲ್ಯಾಬು ದೂರ ಇದ್ದರೆ ಐಸ್ ಇಟ್ಟ ಡಬ್ಬದಲ್ಲಿ ಒಯ್ಯಿರಿ.

ಮೂರು ಕೋರ್ಸ್ ಅಂದಿರಲ್ಲ, ಯಾವ ಯಾವ ಮದ್ದು ಅಂತ ಚೀಟಿ ತೆಗೆದು ನೋಡಿ. ಅಮಾಕ್ಸಿಸಿಲಿನ್–ಕ್ಲಾವುಲನೇಟ್, ಸೆಫ್ಟ್ರಿಯಾಕ್ಸೋನ್ ಇವು ಸೂಡೊಮೊನಾಸನ್ನು ಕೊಲ್ಲುವ ಮದ್ದುಗಳೇ ಅಲ್ಲ. ಬಾಯಿಯಲ್ಲಿ ತೆಗೆದುಕೊಳ್ಳುವಂಥದ್ದು ಅಂದರೆ ಸಿಪ್ರೊಫ್ಲಾಕ್ಸಸಿನ್, ಲೀವೊಫ್ಲಾಕ್ಸಸಿನ್ ಮಾತ್ರ, ಉಳಿದದ್ದೆಲ್ಲ ಇಂಜೆಕ್ಷನ್ ಅಥವಾ ನೆಬ್ಯುಲೈಸರಿನಲ್ಲಿ ಎಳೆದುಕೊಳ್ಳುವುದು. ಆದ್ದರಿಂದ ಸಣ್ಣ ಶೀತಕ್ಕೆಲ್ಲ ಸಿಪ್ರೊ ನುಂಗಿ ಆ ಒಂದು ದಾರಿಯನ್ನು ಮುಚ್ಚಿಕೊಳ್ಳಬಾರದು. ನಾನು ಮಾಡಿದ ಇನ್ನೊಂದು ತಪ್ಪು ಹೇಳುತ್ತೇನೆ. ಮಜ್ಜಿಗೆ ಅನ್ನ ಉಂಡು ಕೈ ತೊಳೆದ ಕೂಡಲೇ ಸಿಪ್ರೊ ನುಂಗುತ್ತಿದ್ದೆ. ಹಾಲು, ಮೊಸರು, ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆ ಜೊತೆಗಿದ್ದರೆ ಆ ಮದ್ದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಇದು ನನಗೆ ಗೊತ್ತಾಗುವಾಗ ಎರಡು ಕೋರ್ಸ್ ಹಾಗೇ ಮುಗಿದಿತ್ತು. ಸಿಪ್ರೊ ನುಂಗುತ್ತಿರುವಾಗ ಹಿಮ್ಮಡಿಯ ಮೇಲ್ಗಡೆ ನೋವು ಬಂದರೆ ಮಾತ್ರೆ ನಿಲ್ಲಿಸಿ ಆ ದಿನವೇ ಡಾಕ್ಟರಿಗೆ ತಿಳಿಸಬೇಕು.

ಕೆಲವರಿಗೆ ವಾರಕ್ಕೆ ಮೂರು ದಿನ ಅಜಿತ್ರೊಮೈಸಿನ್ ತಿಂಗಳುಗಟ್ಟಲೆ ಕೊಡುತ್ತಾರೆ, ಉಲ್ಬಣ ಕಡಿಮೆಯಾಗಲೆಂದು. ಅದಕ್ಕೆ ಮೊದಲು ಕಫದಲ್ಲಿ ಟಿಬಿಯ ಜಾತಿಯದ್ದೇ ಆದ, ಆದರೆ ಟಿಬಿ ಅಲ್ಲದ ಬ್ಯಾಕ್ಟೀರಿಯಾ ಇಲ್ಲವೆಂದು ಕಲ್ಚರ್ ಮಾಡಿ ನೋಡಬೇಕು, ಇಸಿಜಿಯೂ ಆಗಬೇಕು. ಆ ಕಲ್ಚರಿಗೆ ಆರು ವಾರದವರೆಗೆ ಹಿಡಿಯುತ್ತದೆ, ಅವಸರ ಮಾಡಬೇಡಿ.

ಕೇರಳದಲ್ಲಿ 2024ರಿಂದ ಚೀಟಿ ಇಲ್ಲದೆ ಆಂಟಿಬಯಾಟಿಕ್ ಮಾರುವುದರ ಮೇಲೆ ಬಿಗಿ ಮಾಡಿದ್ದಾರೆ. ನಮ್ಮ ಊರಲ್ಲಿ ಕೆಲವರು ಗೊಣಗುತ್ತಾರೆ. ನನಗೆ ಅದರಿಂದ ಸಮಾಧಾನ. ಯಾರೋ ಜ್ವರಕ್ಕೆ ಎರಡು ದಿನ ತಿಂದು ಬಿಟ್ಟ ಮಾತ್ರೆಯ ಲೆಕ್ಕ ಕೊನೆಗೆ ನಮ್ಮಂಥವರ ರಿಪೋರ್ಟಿನಲ್ಲಿ ಸಾಲು ಸಾಲು "ಆರ್" ಆಗಿ ಬರುತ್ತದೆ, ಅಂದರೆ ಈ ಮದ್ದು ಇನ್ನು ನಾಟುವುದಿಲ್ಲ ಅಂತ.

ನೆಬ್ಯುಲೈಸರ್ ತೊಳೆಯುವುದನ್ನು ಮರೆಯಬೇಡಿ. ನಮ್ಮ ಮನೆಗೆ ನೀರು ಬರುವುದು ಗುಡ್ಡದ ಸುರಂಗದಿಂದ, ಪೈಪಿನಲ್ಲಿ. ಕುಡಿಯಲು ಅಷ್ಟು ಸಿಹಿ ನೀರು ಬೇರೆಲ್ಲೂ ಇಲ್ಲ, ಆದರೂ ಅದನ್ನು ಹಾಗೇ ನೆಬ್ಯುಲೈಸರಿನ ಮದ್ದಿನ ಕಪ್ಪಿಗೆ ಹಾಕುವುದಿಲ್ಲ. ದಿನಾ ಸೋಪಿನಲ್ಲಿ ತೊಳೆದು, ಕುದಿಯುವ ನೀರಿನಲ್ಲಿ ಐದು ನಿಮಿಷ ಇಟ್ಟು, ಶುದ್ಧ ಬಟ್ಟೆಯ ಮೇಲೆ ಪೂರ್ತಿ ಒಣಗಿಸುತ್ತೇನೆ. ಕುದಿಸಬಹುದಾದ ಕಪ್ಪೇ ಅಂತ ಪೆಟ್ಟಿಗೆಯ ಮೇಲೆ ನೋಡಿಕೊಳ್ಳಿ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಹಾಕಿದ ಬಟ್ಟೆಯೇ ಒಣಗುವುದಿಲ್ಲ, ಅದಕ್ಕೆ ಎರಡು ಕಪ್ ಇಟ್ಟುಕೊಂಡು ಒಂದನ್ನು ಫ್ಯಾನಿನ ಕೆಳಗೆ ಬಿಡುತ್ತೇನೆ. ತೋಟಕ್ಕೆ ಮೈಲುತುತ್ತು ಬಿಡುವ ದಿನ, ಒಣ ಅಡಕೆ ಸುಲಿಯುವ ದಿನ ತಂಗಿಯ ಮನೆಗೆ ಹೋಗಿಬಿಡುತ್ತೇನೆ. ಬಚ್ಚಲು ಒಲೆಗೆ ಸೌದೆ ತುಂಬುವ ಕೆಲಸವನ್ನು ಮನೆಯವರು ವಹಿಸಿಕೊಂಡಿದ್ದಾರೆ.

ಎರಡು ವಾರಕ್ಕಾಗುವಷ್ಟು ಮದ್ದು ಯಾವಾಗಲೂ ಹೆಚ್ಚಿಗೆ ಇಟ್ಟುಕೊಳ್ಳಿ. 2020ರ ಮಾರ್ಚ್ ಕೊನೆಯಲ್ಲಿ, ಕೊರೊನಾ ಸಮಯದಲ್ಲಿ, ಕೇರಳ–ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ ಇಲ್ಲಿಂದ ಮಂಗಳೂರಿಗೆ ಹೋಗಲಾಗದೆ ಜೀವ ಬಿಟ್ಟವರಿದ್ದಾರೆ. ನಾನು ನೆಬ್ಯುಲೈಸರಿನಲ್ಲಿ ಎಳೆದುಕೊಳ್ಳುವ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಆಗ ನಾಲ್ಕು ದಿನಕ್ಕಷ್ಟೇ ಇತ್ತು. ಆ ನಾಲ್ಕು ದಿನ ನಾನು ನಿದ್ದೆ ಮಾಡಲಿಲ್ಲ. ಕಲ್ಚರ್ ರಿಪೋರ್ಟು, ಸ್ಕ್ಯಾನಿನ ವರದಿ, ಅಲರ್ಜಿ ಇರುವ ಮದ್ದಿನ ಹೆಸರು ಎಲ್ಲದರ ಫೋಟೋ ಮನೆಯ ಇಬ್ಬರ ಫೋನಿನಲ್ಲಾದರೂ ಇರಲಿ. ಫ್ಲೂ ಲಸಿಕೆ ವರ್ಷಕ್ಕೊಮ್ಮೆ, ನ್ಯುಮೋಕಾಕಲ್ ಲಸಿಕೆ ಡಾಕ್ಟರು ಹೇಳಿದಂತೆ. ಕಫದಲ್ಲಿ ಎಳೆಯಷ್ಟು ರಕ್ತ ಕಂಡರೆ ತಿಳಿಸಿ. ಚಮಚದಷ್ಟು ಕೆಂಪಾಗಿ ಬಂದರೆ ಕಾಯಬೇಡಿ, ಆಗಲೇ ಗಾಡಿ ಮಾಡಿ.

ಇನ್ನು ತಟ್ಟೆಯ ಮಾತು. ಟಿಬಿ ಆದಾಗ ನನಗೂ ಒಂದು ಸ್ಟೀಲ್ ತಟ್ಟೆ ಬೇರೆ ಮಾಡಿ, ಅಂಚಿಗೆ ಮೊಳೆಯಿಂದ ಗೀಚಿ ಗುರುತು ಹಾಕಿದ್ದರು. ವಾಸಿಯಾದ ಮೇಲೂ ಐದು ವರ್ಷ ಅದರಲ್ಲೇ ಉಂಡೆ. ಆ ಗೀಚು ಈಗಲೂ ಬೆರಳಿಗೆ ನೆನಪಿದೆ. ಟಿಬಿ ಕೂಡ ತಟ್ಟೆ ಲೋಟದಿಂದ ಹರಡುವುದಿಲ್ಲ, ಗಾಳಿಯಿಂದ ಹರಡುವ ಕಾಯಿಲೆ ಅದು. ಅಮ್ಮನ ಕಫದಲ್ಲಿ ಈಗ ಟಿಬಿ ಇಲ್ಲ ಅಂತ ಪರೀಕ್ಷೆಯಲ್ಲಿ ಬಂದಿದೆಯಾ ಅಂತ ಒಮ್ಮೆ ಖಚಿತ ಮಾಡಿಕೊಳ್ಳಿ. ಅಷ್ಟಾದರೆ ಉಳಿದದ್ದು ಸೂಡೊಮೊನಾಸ್. ಶ್ವಾಸಕೋಶ ಸರಿಯಿರುವ ಮಗುವಿಗೆ ಅಜ್ಜಿಯ ಪಕ್ಕ ಕೂತು ಉಂಡದ್ದಕ್ಕೆ ಅದು ಅಂಟಿಕೊಳ್ಳುವುದಿಲ್ಲ. ಹುಷಾರಾಗಿರಬೇಕಾದವರು ಇದೇ ಕಾಯಿಲೆ ಇರುವ ಇನ್ನೊಬ್ಬರು. ಕೆಮ್ಮುವಾಗ ಬಟ್ಟೆ ಅಡ್ಡ ಹಿಡಿಯಲಿ, ಕೈ ತೊಳೆಯಲಿ, ಕಫದ ಬಾಟಲಿ ಮಗುವಿಗೆ ಸಿಗದಿರಲಿ. ಇವತ್ತು ರಾತ್ರಿಯ ಊಟಕ್ಕೆ ಅಮ್ಮನನ್ನು ಒಳಗೆ ಕರೆಯಿರಿ.