ಒಂಬತ್ತು ವರ್ಷದ ‘ಸೊಸೆ’ ಯಾರು?

ಪ್ರಶ್ನೆ: ನನ್ನ ಪತಿ ಇಂಗ್ಲೆಂಡಿನವರು. ಅವರ ಹಿರಿಯರೊಬ್ಬರಿಗೆ ಅಲ್ಲಿನ 1841ರ ಜನಗಣತಿಯಲ್ಲಿ 35 ವರ್ಷ, 1851ರಲ್ಲಿ 48. ಇದು ಒಬ್ಬರೇ ಇರಬಹುದೇ? 1851ರಲ್ಲಿ ಅದೇ ಮನೆಯಲ್ಲಿ ಬೇರೆ ಅಡ್ಡಹೆಸರಿನ 9 ವರ್ಷದ ಹುಡುಗಿಯೊಬ್ಬಳಿದ್ದಾಳೆ. ಸಂಬಂಧ ‘ಡಾಟರ್ ಇನ್ ಲಾ’, ಹುಟ್ಟಿದ್ದು ಬೆಂಗಳೂರು ಎಂದಿದೆ. ಅಷ್ಟು ಚಿಕ್ಕವಳು ಸೊಸೆ ಹೇಗಾದಳು?
– ಓದುಗರು, ಮೈಸೂರು

ಉತ್ತರ: ವಯಸ್ಸು ತಾಳೆಯಾಗುತ್ತದೆ. 1841ರಲ್ಲಿ 15 ದಾಟಿದವರ ವಯಸ್ಸನ್ನು ಐದೈದರ ಲೆಕ್ಕಕ್ಕೆ ಇಳಿಸಿ ಬರೆಯುವಂತೆ ಗಣತಿದಾರರಿಗೆ ಸೂಚನೆಯಿತ್ತು. 35 ಎಂದಿದ್ದರೆ 35ರಿಂದ 39ರವರೆಗೆ ಎಷ್ಟಾದರೂ ಇರಬಹುದು. 1851ರ ಮಾರ್ಚ್ 30ಕ್ಕೆ 48 ಆಗಿದ್ದವರಿಗೆ 1841ರ ಜೂನ್ 6ಕ್ಕೆ 38 ಇಲ್ಲವೇ 39. ಹಾಗೆಂದು ಅಷ್ಟಕ್ಕೇ ನಿಲ್ಲಬೇಡಿ. ಕಸುಬು, ಬೀದಿ, ದೊಡ್ಡ ಮಕ್ಕಳ ಹೆಸರುಗಳೂ ಹೊಂದಬೇಕು. 1841ರಲ್ಲಿ ಸಂಬಂಧದ ಕಾಲಂ ಇರಲೇ ಇಲ್ಲ. ಹೆಂಡತಿಯಂತೆ ಕಾಣುವವಳು ತಂಗಿಯೂ ಆಗಿರಬಹುದು. ಆ ವರ್ಷದ ಪುಟದಲ್ಲಿ ಹೆಸರುಗಳ ಪಕ್ಕದ ಓರೆಗೆರೆಗಳನ್ನು ನೋಡಿ: ಒಂದು ಗೆರೆಯಿದ್ದರೆ ಅಲ್ಲಿಗೆ ಒಂದು ಸಂಸಾರ ಮುಗಿಯಿತು, ಎರಡಿದ್ದರೆ ಮನೆಯೇ ಮುಗಿಯಿತು. ಇದನ್ನು ಗಮನಿಸದೆ ಪಕ್ಕದ ಮನೆಯ ಮಕ್ಕಳನ್ನು ವಂಶವೃಕ್ಷಕ್ಕೆ ಸೇರಿಸಿಕೊಂಡವರು ಬಹಳ.

ಹುಡುಗಿ ಸೊಸೆಯಲ್ಲ, ಮಲಮಗಳು. ಆ ಕಾಲದಲ್ಲಿ ‘ಇನ್ ಲಾ’ ಎಂಬುದನ್ನು ಮಲಸಂಬಂಧಕ್ಕೂ ಬಳಸುತ್ತಿದ್ದರು. ಅವಳ ಅಡ್ಡಹೆಸರನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಬಹುಮಟ್ಟಿಗೆ ಅದು ತಾಯಿಯ ಮೊದಲ ಗಂಡನದು. ಬೆಂಗಳೂರಿನ ದಂಡಿನಲ್ಲಿ ಬ್ರಿಟಿಷ್ ಸೈನಿಕರ ಸಂಸಾರಗಳಿದ್ದುದರಿಂದ ಅವನು ಸೈನಿಕನಾಗಿದ್ದಿರಬಹುದು. ಹುಡುಗಿಯ ದೀಕ್ಷಾಸ್ನಾನದ ದಾಖಲೆಗೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಎನ್/2 ಸರಣಿ ನೋಡಿ. ಅದು ಮದ್ರಾಸಿನದು; ಬೆಂಗಳೂರಿನ ಚರ್ಚುಗಳ ನಮೂದುಗಳು ಅದರೊಳಗೇ ಇವೆ. 1840ರಿಂದ 1843ರವರೆಗೆ ಹುಡುಕಿ.

ತಾಯಿಯ ಮರುಮದುವೆ ಎಲ್ಲಾಯಿತು ಎಂಬುದಕ್ಕೆ ಈ ದಂಪತಿಯ ಕಿರಿಯ ಮಕ್ಕಳ ಹುಟ್ಟೂರು ಸುಳಿವು ಕೊಡುತ್ತದೆ. ಇಂಗ್ಲೆಂಡಿನಲ್ಲಾಗಿದ್ದರೆ ಮದುವೆ ಪ್ರಮಾಣಪತ್ರ ತರಿಸಿ. ಅಲ್ಲಿ ಸಿವಿಲ್ ನೋಂದಣಿ 1837ರ ಜುಲೈ 1ರಿಂದಲೇ ಇದೆ. ವಧು ವಿಧವೆಯೇ ಎಂಬುದೂ, ಅವಳ ತಂದೆಯ ಹೆಸರು, ಕಸುಬೂ ಅದರಲ್ಲಿರುತ್ತವೆ.

ಇದೆಲ್ಲಕ್ಕೂ ಮೊದಲು 1851ರ ಮೂಲ ಪುಟದ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಮನೆಯವರು ತುಂಬಿಕೊಟ್ಟ ನಮೂನೆಯನ್ನು ಗಣತಿದಾರ ಪುಸ್ತಕಕ್ಕೆ ನಕಲು ಮಾಡಿದ್ದು ಅದು. ಆಮೇಲೆ ಲೆಕ್ಕ ಹಾಕಿದ ಗುಮಾಸ್ತರು ವಯಸ್ಸಿನ ಮೇಲೆಯೇ ಗೀಟು ಎಳೆಯುತ್ತಿದ್ದರು, ಅದರಡಿಯ 9 ನಿಜಕ್ಕೂ 19 ಆಗಿರಬಹುದು.